ಉಪ್ಪುನೀರಿನ ದೊಡ್ಡ ಅಕ್ವೇರಿಯಂ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ. ಕೆಳಗೆ ಕ್ಯಾಬಿನೆಟ್ಟಿನೊಳಗೆ ಸಂಪ್ ಎಂಬ ಎರಡನೇ ತೊಟ್ಟಿ, ಅದರಲ್ಲಿ ಗುಳ್ಳೆ ಎಬ್ಬಿಸಿ ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್ ಮತ್ತು ನೀರನ್ನು ಮೇಲಕ್ಕೆ ತಳ್ಳುವ ರಿಟರ್ನ್ ಪಂಪ್. ಒಟ್ಟು ಸುಮಾರು 500 ಲೀಟರ್ ಕಡಲ ನೀರು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ದೊಡ್ಡ ಮರೀನ್ ಟ್ಯಾಂಕ್ ಎಂದರೆ ಹೆಚ್ಚುಕಡಿಮೆ ಇದೇ ಅಳತೆ. ಕೆಳಗಿನ ಲೆಕ್ಕಗಳೆಲ್ಲ ಇದನ್ನೇ ಇಟ್ಟುಕೊಂಡು ಹಾಕಿದ್ದು. ನಿಮ್ಮದು ಚಿಕ್ಕದಿದ್ದರೆ ಎಲ್ಲ ತೊಂದರೆಯೂ ಇನ್ನಷ್ಟು ಬೇಗ ಬರುತ್ತದೆ.

ಹೊಸ ಟ್ಯಾಂಕಿನ ಮೊದಲ ತಿಂಗಳುಗಳಲ್ಲಿ ಬರುವ ದೂರುಗಳೆಲ್ಲ "ಮೀನಿಗೆ ಏನೋ ಆಗಿದೆ" ಎಂದೇ ಶುರುವಾಗುತ್ತವೆ. ಹುಡುಕುತ್ತ ಹೋದರೆ ಸಿಗುವುದು ನಿಂತ ಪಂಪು, ಅಳತೆ ತಪ್ಪಿದ ರಿಫ್ರಾಕ್ಟೋಮೀಟರು (ಉಪ್ಪಿನಂಶ ಅಳೆಯುವ ಸಾಧನ), ಇಲ್ಲವೇ ಅಡುಗೆಮನೆಯ ಆರ್‌ಒ ಮೆಷಿನ್ನು. ಕಾಯಿಲೆಯ ಮೇಲೆ ಅನುಮಾನ ಕೊನೆಗೆ ಬರಬೇಕು, ನಮ್ಮಲ್ಲಿ ಮೊದಲಿಗೇ ಬರುತ್ತದೆ. ಅಂಗಡಿಯಲ್ಲಿ ಬಣ್ಣಬಣ್ಣದ ಬಾಟಲಿಗಳು ಸಾಲಾಗಿ ನಿಂತಿರುವುದೂ ಅದಕ್ಕೊಂದು ಕಾರಣ. ನೀರು ಪರೀಕ್ಷಿಸದೆ ಯಾವ ಔಷಧಿಯ ಮುಚ್ಚಳವನ್ನೂ ತೆಗೆಯಬೇಡಿ.

ಕೈಗೆಟುಕುವಂತೆ ಇರಬೇಕಾದವು: ಥರ್ಮಾಮೀಟರ್, ರಿಫ್ರಾಕ್ಟೋಮೀಟರ್ ಮತ್ತು ಅದನ್ನು ಸರಿಹೊಂದಿಸುವ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್, ಅಮೋನಿಯ-ನೈಟ್ರೈಟ್-ನೈಟ್ರೇಟ್ ಕಿಟ್, ಬ್ಯಾಟರಿಯಲ್ಲಿ ಓಡುವ ಏರ್ ಪಂಪ್. ಇವೆಲ್ಲಕ್ಕಿಂತ ಮುಖ್ಯವಾದದ್ದು ಮುಚ್ಚಳವಿರುವ ಡ್ರಮ್ಮಿನಲ್ಲಿ ಸದಾ ಸಿದ್ಧವಾಗಿರುವ, ಕಲಸಿಟ್ಟ 100 ಲೀಟರ್ ಉಪ್ಪುನೀರು. ರಾತ್ರಿ ಹನ್ನೊಂದಕ್ಕೆ ಅಮೋನಿಯ ಏರಿದರೆ ಆ ಹೊತ್ತಲ್ಲಿ ಉಪ್ಪು ಕಲಸಲು ಕೂತು ಪ್ರಯೋಜನವಿಲ್ಲ.

ಕೈ ಹಾಕುವ ಮುನ್ನ

ಉಪ್ಪುನೀರು ಸಿಹಿನೀರಿಗಿಂತ ಎಷ್ಟೋ ಪಟ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ. ಅಕ್ವೇರಿಯಂನ ಎಲ್ಲ ಪ್ಲಗ್ಗುಗಳೂ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಸಾಲನ್ನು ಕಡಿದುಹಾಕುವ ಸ್ವಿಚ್) ಇರುವ ಸಾಲಿನಲ್ಲೇ ಇರಲಿ. ಬರೀ ಎಂಸಿಬಿ ನಿಮ್ಮ ಜೀವ ಕಾಯುವುದಿಲ್ಲ. ಎಕ್ಸ್‌ಟೆನ್ಶನ್ ಬೋರ್ಡನ್ನು ಕ್ಯಾಬಿನೆಟ್ಟಿನ ನೆಲದ ಮೇಲೆ ಇಡಬೇಡಿ, ಗೋಡೆಗೆ ಎತ್ತರದಲ್ಲಿ ಹೊಡೆಯಿರಿ. ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋತುಬಿದ್ದು ಆಮೇಲೆ ಮೇಲಕ್ಕೆ ಹೋಗಬೇಕು. ಆಗ ವೈರಿನಗುಂಟ ಇಳಿಯುವ ನೀರು ಸಾಕೆಟ್ಟಿಗೆ ಹೋಗದೆ ಕೆಳಗೆ ತೊಟ್ಟಿಕ್ಕುತ್ತದೆ.

ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ. ವಾರಗಟ್ಟಲೆ ಮಾಯದ ಗಂಟು ಬೆರಳಿನ ಮೇಲೆ ಎದ್ದರೆ ವೈದ್ಯರಿಗೆ "ಮನೆಯಲ್ಲಿ ಅಕ್ವೇರಿಯಂ ಇದೆ" ಎಂದು ನೀವಾಗಿಯೇ ಹೇಳಿ, ಅವರಿಗೆ ಆ ಅನುಮಾನ ತಾನಾಗಿ ಬರಲಿಕ್ಕಿಲ್ಲ. ಲಯನ್‌ಫಿಶ್ ಮುಳ್ಳು ಚುಚ್ಚಿದರೆ ಸುಡದಷ್ಟು, ಸುಮಾರು 45 ಡಿಗ್ರಿ ಬಿಸಿನೀರಿನಲ್ಲಿ ಕೈಯಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ.

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ

ಇದು ತುರ್ತು. ಒಂದೇ ಮೀನು ಹೀಗೆ ಮಾಡಿದರೆ ಅದಕ್ಕೇನೋ ಆಗಿದೆ ಎಂದರ್ಥ, ಎಲ್ಲವೂ ಒಟ್ಟಿಗೆ ಮಾಡಿದರೆ ನೀರಿಗೆ ಏನೋ ಆಗಿದೆ ಎಂದರ್ಥ. ಸಿಹಿನೀರಿನಷ್ಟು ಆಮ್ಲಜನಕ ಉಪ್ಪುನೀರಿನಲ್ಲಿ ಕರಗುವುದಿಲ್ಲ, ಸುಮಾರು ಐದನೇ ಒಂದು ಭಾಗ ಕಡಿಮೆ. ನೀರು ಬಿಸಿಯಾದಷ್ಟೂ ಅದು ಇನ್ನೂ ಇಳಿಯುತ್ತದೆ.

ಮೊದಲು ನೀರಿನ ಮೇಲ್ಮೈ ನೋಡಿ. ಅಲುಗಾಡುತ್ತಿದೆಯೇ, ಕನ್ನಡಿಯಂತೆ ನಿಂತಿದೆಯೇ? ನಿಂತಿದ್ದರೆ ಪಂಪು ಓಡುತ್ತಿಲ್ಲ. ಕರೆಂಟು ಹೋಗಿ ಬಂದ ಮೇಲೆ ಕೆಲವು ಪಂಪುಗಳು ಗುಂಯ್ ಎನ್ನುತ್ತವೆಯೇ ಹೊರತು ತಿರುಗುವುದಿಲ್ಲ. ಒಳಗಿನ ಇಂಪೆಲ್ಲರಿಗೆ ಸುಣ್ಣದಂಥ ಪದರು ಕಟ್ಟಿರುತ್ತದೆ. ಪ್ಲಗ್ ತೆಗೆದು, ಪಂಪು ಬಿಚ್ಚಿ, ಅರ್ಧ ನೀರು ಅರ್ಧ ಬಿಳಿ ವಿನೆಗರಿನಲ್ಲಿ ಒಂದು ಗಂಟೆ ನೆನೆಸಿ ಉಜ್ಜಿ. ಅಷ್ಟು ಹೊತ್ತು ಬ್ಯಾಟರಿ ಏರ್ ಪಂಪ್ ಓಡಲಿ. ಇನ್ವರ್ಟರ್ ಮೇಲೆ ಓಡಿಸುವವರು ಒಂದು ಗಮನಿಸಿ: ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪುಗಳು ಕಾದು ಗದ್ದಲ ಮಾಡುತ್ತವೆ, ಸೈನ್ ವೇವ್ ಬೇಕು.

ಎರಡನೆಯದು ತಾಪ. 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನೆಮ್ಮದಿ. 30 ದಾಟಿದ್ದರೆ ಕಾರಣ ಸಿಕ್ಕಿತು ಎಂದೇ ತಿಳಿಯಿರಿ. ಏಪ್ರಿಲ್ಲಿನಲ್ಲಿ ಕೋಣೆಯೇ ಕಾದಿರುವಾಗ ಪಂಪು ಮತ್ತು ದೀಪಗಳ ಶಾಖವೂ ಸೇರಿ ನೀರು ಅದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ದೀಪ ಆರಿಸಿ, ಮುಚ್ಚಳ ತೆಗೆದು, ಮೇಲ್ಮೈಗೆ ಅಡ್ಡಲಾಗಿ ಫ್ಯಾನ್ ಬಿಡಿ. ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ. ಈ ಉಪಾಯ ಬೆಂಗಳೂರಿನ ಒಣಗಾಳಿಯಲ್ಲಿ ನಡೆದಷ್ಟು ಚೆನ್ನಾಗಿ ಮಂಗಳೂರು, ಕಾರವಾರದ ಸೆಕೆಯಲ್ಲಿ ನಡೆಯದು. ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ. ಕರಾವಳಿಯವರು ಚಿಲ್ಲರ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ಲೇಸು. ಚಿಲ್ಲರ್ ಇದ್ದೂ ನೀರು ಬಿಸಿಯಾದರೆ ಅದನ್ನು ಇಟ್ಟ ಜಾಗ ನೋಡಿ: ಮುಚ್ಚಿದ ಕ್ಯಾಬಿನೆಟ್ಟಿನಲ್ಲಿಟ್ಟರೆ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಐಸ್ ಗಡ್ಡೆಗಳನ್ನು ನೇರ ನೀರಿಗೆ ಸುರಿಯಬೇಡಿ, ಉಪ್ಪಿನಂಶ ಕುಸಿಯುತ್ತದೆ. ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ಸಂಪಿನಲ್ಲಿ ತೇಲಿಬಿಡಿ.

ತಾಪವೂ ಪಂಪೂ ಸರಿ ಇದ್ದರೆ ಅಮೋನಿಯ ನೋಡಿ. ಕಿಟ್ಟಿನಲ್ಲಿ ಬಣ್ಣ ತಿರುಗಿತೋ, ಕಲಸಿಟ್ಟ ನೀರಿನಿಂದ ತಕ್ಷಣ ಐದನೇ ಒಂದು ಭಾಗ ಬದಲಿಸಿ. ಕಡಲ ನೀರಿನ ಪಿಎಚ್ 8ರ ಆಸುಪಾಸು ಇರುವುದರಿಂದ ಅಮೋನಿಯ ಸಿಹಿನೀರಿನಲ್ಲಿದ್ದಾಗಲಿಗಿಂತ ಹೆಚ್ಚು ವಿಷವಾಗಿ ಕೆಲಸ ಮಾಡುತ್ತದೆ.

ಮೂರೂ ಸರಿಯಿದ್ದು ಮೀನು ಇನ್ನೂ ಒದ್ದಾಡುತ್ತಿದ್ದರೆ ಮನೆಯ ಗಾಳಿಯನ್ನು ವಿಚಾರಿಸಿ. ನಿನ್ನೆ ಜಿರಲೆಗೆ ಸ್ಪ್ರೇ ಹೊಡೆದರೇ? ಪೆಸ್ಟ್ ಕಂಟ್ರೋಲಿನವರು ಬಂದಿದ್ದರೇ? ಸೊಳ್ಳೆ ಓಡಿಸುವ ಲಿಕ್ವಿಡ್ ಮೆಷಿನ್ನು ಟ್ಯಾಂಕಿನ ಪಕ್ಕದ ಸಾಕೆಟ್ಟಿನಲ್ಲೇ ಇದೆಯೇ? ಇವುಗಳಲ್ಲಿರುವ ಪೈರಿಥ್ರಾಯ್ಡ್ ಜಾತಿಯ ರಾಸಾಯನಿಕ ಮನುಷ್ಯರಿಗೆ ಅಷ್ಟೇನೂ ಮಾಡದಿದ್ದರೂ ಮೀನಿಗೆ, ಸಿಗಡಿಗೆ ಬಲು ವಿಷ. ಸ್ಕಿಮ್ಮರ್ ದಿನವಿಡೀ ಕೋಣೆಯ ಗಾಳಿಯನ್ನು ಸಣ್ಣ ಗುಳ್ಳೆಯಾಗಿ ನೀರಿಗೆ ಕಲಸುತ್ತಲೇ ಇರುತ್ತದೆ. ಗೋಡೆಗೆ ಹೊಸ ಪೇಂಟು, ದೀಪಾವಳಿಯ ಹೊಗೆ, ನೆಲ ಒರೆಸಿದ ಫಿನಾಯಿಲ್ ಇರುವ ಕೈ, ಇವೂ ಪಟ್ಟಿಯಲ್ಲಿರಲಿ. ಸಿಗಡಿ, ಏಡಿಗಳು ಮೊದಲು ಸತ್ತು ಮೀನು ಆಮೇಲೆ ಬಳಲುತ್ತಿದ್ದರೆ ಕೀಟನಾಶಕದ ಅನುಮಾನ ಗಟ್ಟಿಯಾಗುತ್ತದೆ. ಕಿಟಕಿ ತೆರೆದು, ಸಂಪಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಚೀಲ ಇಳಿಸಿ, ನೀರು ಬದಲಿಸಿ. ಅದಕ್ಕಿಂತ ಹೆಚ್ಚಿನದೇನೂ ಮನೆಯಲ್ಲಿ ಮಾಡಲಾಗದು.

ನೀರು ಬೆಳ್ಳಗೆ ಮಬ್ಬಾಗಿದೆ

ಮರಳು ಹಾಕಿದ ಮೊದಲೆರಡು ದಿನವಾದರೆ ಅದು ಧೂಳು. ಸುಮ್ಮನೆ ಬಿಡಿ. ವಾರದ ಮೇಲೆ, ಮರಳು ಕದಡದೆಯೇ ಮಬ್ಬಾದರೆ ಬ್ಯಾಕ್ಟೀರಿಯಾ ಹೆಚ್ಚಿದೆ. ಆಹಾರ ಜಾಸ್ತಿಯಾಗಿದೆ, ಇಲ್ಲವೇ ಬಂಡೆಯ ಹಿಂದೆ ಏನೋ ಸತ್ತು ಬಿದ್ದಿದೆ. ತಲೆ ಎಣಿಸಿ. ಈ ಮಬ್ಬು ತಾನೇ ವಿಷವಲ್ಲ, ಆದರೆ ಆಮ್ಲಜನಕ ಕುಡಿಯುತ್ತದೆ. ಏರ್ ಪಂಪ್ ಹಚ್ಚಿ, ಎರಡು ದಿನ ಆಹಾರ ನಿಲ್ಲಿಸಿ.

ಕ್ಯಾಲ್ಸಿಯಂ ಅಥವಾ ಬಫರ್ ಪುಡಿ ಹಾಕಿದ ಕೆಲವೇ ನಿಮಿಷದಲ್ಲಿ ಹಿಮ ಸುರಿದಂತೆ ಬೆಳ್ಳಗಾದರೆ ಕ್ಯಾಲ್ಸಿಯಂ ಕಾರ್ಬನೇಟ್ ಗಟ್ಟಿಯಾಗಿ ಬೇರ್ಪಡುತ್ತಿದೆ. ಇನ್ನೂ ಪುಡಿ ಸುರಿದು ಸರಿಪಡಿಸಲು ಹೋಗಬೇಡಿ. ನಿಲ್ಲಿಸಿ, ಮರುದಿನ ಅಳೆಯಿರಿ. ಆಲ್ಕಲಿನಿಟಿ (ಪಿಎಚ್ ಇಳಿಯದಂತೆ ತಡೆಯುವ ನೀರಿನ ಗುಣ) 7ರಿಂದ 11 ಡಿಕೆಎಚ್ (ಅದನ್ನು ಅಳೆಯುವ ಮಾನ), ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ ಒಳಗಿದ್ದರೆ ಏನೂ ಹಾಕುವ ಅಗತ್ಯವೇ ಇಲ್ಲ. ಬರೀ ಮೀನು ಸಾಕುವವರಿಗಂತೂ ವಾರದ ನೀರು ಬದಲಾವಣೆಯೇ ಸಾಕು.

ಒಂದೂವರೆ ತಿಂಗಳಾದರೂ ಅಮೋನಿಯ ಸೊನ್ನೆಗೆ ಬರುತ್ತಿಲ್ಲ

ಹೊಸ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಂಡು ಅಮೋನಿಯವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಾದ ಮೇಲೂ ಅಮೋನಿಯ ಕಾಣುತ್ತಿದ್ದರೆ ಮೊದಲು ಕಿಟ್ಟನ್ನೇ ಅನುಮಾನಿಸಿ. ಎಕ್ಸ್‌ಪೈರಿ ದಿನಾಂಕ ನೋಡಿ, ಈಗಷ್ಟೇ ಕಲಸಿದ ಹೊಸ ಉಪ್ಪುನೀರನ್ನೂ ಅದೇ ಕಿಟ್ಟಿನಲ್ಲಿ ಅಳೆಯಿರಿ. ಅದರಲ್ಲೂ ಅಷ್ಟೇ ಬಣ್ಣ ಬಂದರೆ ದೋಷ ಕಿಟ್ಟಿನದು, ಇಲ್ಲವೇ ನೀವು ಹಾಕುವ ನೀರಿನದು. ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಿನಲ್ಲೂ ಕೆಲವು ಬಗೆಯ ಕಿಟ್ಟುಗಳು ಸುಳ್ಳು ಅಮೋನಿಯ ತೋರಿಸುತ್ತವೆ.

ಈಗ ನೀರಿನ ಮೂಲ. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಬೋರ್‌ವೆಲ್ ನೀರು ಗಡಸು, ಟ್ಯಾಂಕರ್ ನೀರು ಎಲ್ಲಿಯದೋ ಗೊತ್ತಿಲ್ಲ. ಹಾಗಾಗಿ ಎಲ್ಲರೂ ಅಡುಗೆಮನೆಯ ಆರ್‌ಒ ಮೆಷಿನ್ನಿಗೆ ಮೊರೆಹೋಗುತ್ತಾರೆ. ಆ ಮೆಷಿನ್ನಿನ ಕೆಲಸವೇ ಬೇರೆ. ಕುಡಿಯುವ ನೀರಿಗೆ ರುಚಿ ಬರಲೆಂದು ಅದರಲ್ಲಿ ಟಿಡಿಎಸ್ ಅಡ್ಜಸ್ಟರ್ ಸ್ಕ್ರೂ ಇರುತ್ತದೆ, ಮಿನರಲ್ ಕಾರ್ಟ್ರಿಜ್ ಇರುತ್ತದೆ. ಶುದ್ಧವಾದ ನೀರಿಗೆ ಅದು ಮತ್ತೆ ಹಳೆ ನೀರನ್ನೋ ಖನಿಜವನ್ನೋ ಬೆರೆಸುತ್ತದೆ. ಮೀಟರ್ ಅದ್ದಿ ನೋಡಿ, ಎಂಬತ್ತೋ ನೂರೋ ತೋರಿಸುತ್ತದೆ. ಅಕ್ವೇರಿಯಂಗೆ ಬೇಕಾದದ್ದು ಸೊನ್ನೆ, ಹೆಚ್ಚೆಂದರೆ ಐದು. ಪ್ರತ್ಯೇಕ ಆರ್‌ಒ, ಅದರ ನಂತರ ಉಳಿದ ಲವಣವನ್ನೂ ಹಿಡಿದಿಡುವ ಒಂದು ಡಿಐ ರೆಸಿನ್ ಕಾರ್ಟ್ರಿಜ್ ಇಟ್ಟುಕೊಳ್ಳುವುದೊಂದೇ ದಾರಿ. ರೆಸಿನ್ ಮುಗಿದಾಗ ಅಲ್ಲಿಯವರೆಗೆ ಹಿಡಿದಿಟ್ಟದ್ದನ್ನು ಬಿಡಲು ಶುರು ಮಾಡುತ್ತದೆ, ಅದಕ್ಕೇ ಪ್ರತಿ ಸಲ ನೀರು ಹಿಡಿಯುವಾಗಲೂ ಟಿಡಿಎಸ್ ನೋಡಬೇಕು.

ಕಿಟ್ಟೂ ಸರಿ, ನೀರೂ ಸರಿ ಎಂದರೆ ಟ್ಯಾಂಕಿನಲ್ಲಿ ಉತ್ಪತ್ತಿಯೇ ಹೆಚ್ಚಿದೆ. ಸ್ಪಾಂಜನ್ನು, ಬಯೋ ಮೀಡಿಯಾವನ್ನು ನಲ್ಲಿ ನೀರಿನಲ್ಲಿ ತೊಳೆದಿರಾ? ಬ್ಯಾಕ್ಟೀರಿಯಾ ಸತ್ತಿರುತ್ತದೆ, ಇನ್ನು ಮೇಲೆ ತೆಗೆದ ಉಪ್ಪುನೀರಿನಲ್ಲೇ ಅದ್ದಿ ಹಿಂಡಿ. ಒಂದೇ ವಾರಾಂತ್ಯದಲ್ಲಿ ಆರೇಳು ಮೀನು ಬಿಟ್ಟಿರಾ? ಹಾಗಿದ್ದರೆ ಕಾಯುವುದು, ನೀರು ಬದಲಿಸುವುದು, ಹೊಸ ಮೀನು ತರದಿರುವುದು. ನೈಟ್ರೈಟ್ ಬಗ್ಗೆ ಗಾಬರಿ ಬೇಡ: ಕಡಲ ನೀರಿನ ಕ್ಲೋರೈಡ್ ಅದರ ವಿಷವನ್ನು ಬಹುಪಾಲು ತಡೆಯುತ್ತದೆ. ಆದರೆ ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಆ ಅಂಕಿಯನ್ನು ನಂಬಬೇಡಿ.

ಉಪ್ಪಿನಂಶ ದಿನಕ್ಕೊಂದು ಅಂಕಿ ತೋರಿಸುತ್ತಿದೆ

ಗುರಿ: ಸಾಪೇಕ್ಷ ಸಾಂದ್ರತೆ 1.026, ಅಂದರೆ ಸುಮಾರು 35 ಪಿಪಿಟಿ. ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಬಳಸುತ್ತಿದ್ದರೆ ಮುಳ್ಳಿಗೆ ಅಂಟಿದ ಒಂದೆರಡು ಗುಳ್ಳೆಯೇ ಅಂಕಿಯನ್ನು ಎಲ್ಲಿಗೋ ಒಯ್ಯುತ್ತದೆ. ರಿಫ್ರಾಕ್ಟೋಮೀಟರ್ ಇದ್ದರೆ ಅದನ್ನು ಶುದ್ಧ ನೀರಿನಿಂದ ಸೊನ್ನೆಗೆ ತಂದರೆ ಸಾಲದು. 35 ಪಿಪಿಟಿ ದ್ರಾವಣ ಎರಡು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು, ಗೆರೆ 35ಕ್ಕೆ ಬರುವಂತೆ ಸ್ಕ್ರೂ ತಿರುಗಿಸಿ. ನಮಗೆ ನಿಖರತೆ ಬೇಕಾದದ್ದು ಅಲ್ಲಿ.

ಮಾಪಕ ಸರಿಯಿದ್ದೂ ಅಂಕಿ ದಿನದಿನಕ್ಕೆ ಏರುತ್ತಿದ್ದರೆ ಕಾರಣ ಆವಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದ ಟ್ಯಾಂಕಿನಿಂದ ದಿನಕ್ಕೆ ಐದಾರು ಲೀಟರ್ ಹೋಗುವುದು ಸಹಜ. ನೀವು ಐದು ದಿನ ಊರಿಗೆ ಹೋಗಿ 30 ಲೀಟರ್ ಕಡಿಮೆಯಾದರೆ 35 ಇದ್ದದ್ದು 37 ದಾಟಿರುತ್ತದೆ. ಆವಿಯಾದದ್ದಕ್ಕೆ ಬದಲಾಗಿ ಸಿಹಿನೀರು, ಅಂದರೆ ಆರ್‌ಒ-ಡಿಐ ನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ. ಮನೆ ನೋಡಿಕೊಳ್ಳುವವರಿಗೆ ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟು ಹೋಗಿ.

ಅಂಕಿ ಇಳಿಯುತ್ತಿದ್ದರೆ, ಆವಿಯಾದಷ್ಟು ನೀರನ್ನು ತಾನೇ ತುಂಬುವ ಆಟೋ ಟಾಪ್‌ಅಪ್‌ನ ಫ್ಲೋಟ್ ಸಿಕ್ಕಿಕೊಂಡು ನೀರು ಬರುತ್ತಲೇ ಇದೆ, ಇಲ್ಲವೇ ಉಪ್ಪುನೀರು ಎಲ್ಲೋ ಸೋರುತ್ತಿದೆ, ಇಲ್ಲವೇ ಸ್ಕಿಮ್ಮರ್ ಅತಿಯಾಗಿ ಉಕ್ಕುತ್ತಿದೆ. ಫ್ಲೋಟಿನ ಮೇಲೆ ಕೂತ ಬಸವನಹುಳು ಈ ಮೂರರಲ್ಲಿ ಮೊದಲಿನದಕ್ಕೆ ಬಲು ಸಾಮಾನ್ಯ ಕಾರಣ. ಸರಿಪಡಿಸುವುದು ನಿಧಾನಕ್ಕೆ: ಏರಿಸುವಾಗ ದಿನಕ್ಕೆ 0.001, ಇಳಿಸುವಾಗ 0.002.

ಉಪ್ಪು ಕಲಸುವಾಗ ಲೀಟರಿಗೆ 35ರಿಂದ 40 ಗ್ರಾಂ ಮರೀನ್ ಸಾಲ್ಟ್ ಬೇಕಾಗುತ್ತದೆ. ಅಡುಗೆ ಉಪ್ಪು ನಡೆಯುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂಗಳ ಲೆಕ್ಕವೇ ಇಲ್ಲ. ನೀರಿಗೆ ಉಪ್ಪು ಸುರಿಯಿರಿ, ಉಪ್ಪಿಗೆ ನೀರಲ್ಲ. ಮೀನಿರುವ ಟ್ಯಾಂಕಿಗೆ ನೇರವಾಗಿ ಎಂದೂ ಬೇಡ. ಕರಾವಳಿಯವರಲ್ಲಿ ಕೆಲವರು ಕಡಲಿನಿಂದಲೇ ಕ್ಯಾನಿನಲ್ಲಿ ನೀರು ತರುತ್ತಾರೆ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳು ಸೇರುವ ಅಳಿವೆಯ ಸುತ್ತ ಉಪ್ಪಿನಂಶ ತೀರಾ ಇಳಿದಿರುತ್ತದೆ, ಬಂದರಿನ ಪಕ್ಕ ಡೀಸೆಲ್ ಎಣ್ಣೆಯೂ ಇರುತ್ತದೆ. ಅಳೆಯದೆ ಹಾಕಬೇಡಿ.

ಕಂದು ಪುಡಿ, ಕೆಂಪು ಲೋಳೆ, ಹಸಿರು ಕೂದಲು

ಮರಳಿನ ಮೇಲೆ ಬೆರಳಿನಿಂದ ಒರೆಸಿದರೆ ಹೋಗುವ ಕಂದು ಪುಡಿ ಡಯಾಟಮ್. ಹೊಸ ಟ್ಯಾಂಕಿಗೆ ಬಂದೇ ಬರುತ್ತದೆ, ನೀರಿನಲ್ಲಿ ಸಿಲಿಕೇಟ್ ತೀರಿದಾಗ ಹೋಗುತ್ತದೆ. ತಿಂಗಳುಗಟ್ಟಲೆ ಹೋಗದಿದ್ದರೆ ಮತ್ತೆ ಟಿಡಿಎಸ್ ಮೀಟರ್ ತೆಗೆಯಿರಿ. ಹಾಳೆಯಂತೆ ಎದ್ದುಬರುವ ಕೆಂಪು-ನೇರಳೆ ಲೋಳೆ ಸಯಾನೊಬ್ಯಾಕ್ಟೀರಿಯಾ. ನೀರಿನ ಹರಿವು ತಲುಪದ ಮೂಲೆಯಲ್ಲಿ ಶುರುವಾಗುತ್ತದೆ. ಪೈಪಿನಿಂದ ಹೀರಿ ತೆಗೆದು ಆ ಮೂಲೆಗೆ ನೀರು ಅಲುಗಿಸುವ ವೇವ್‌ಮೇಕರ್ ತಿರುಗಿಸಿ. ಹಸಿರು ಕೂದಲಿಗೆ ನೈಟ್ರೇಟ್, ಫಾಸ್ಫೇಟ್ ಮತ್ತು ದಿನವಿಡೀ ಉರಿಯುವ ದೀಪವೇ ಮೂಲ. ದೀಪ ಎಂಟು ಗಂಟೆಗೆ ಇಳಿಸಿ, ಫ್ರೋಜನ್ ಆಹಾರ ಕರಗಿದ ನೀರನ್ನು ಚೆಲ್ಲಿ, ಆಹಾರವನ್ನಷ್ಟೇ ಹಾಕಿ.

ಕಂದು ದಾರಗಳಂತೆ ಜೋತು, ತುದಿಯಲ್ಲಿ ಗಾಳಿಗುಳ್ಳೆ ಹಿಡಿದು, ರಾತ್ರಿ ಕಡಿಮೆಯಾಗಿ ಮಧ್ಯಾಹ್ನಕ್ಕೆ ಮತ್ತೆ ತುಂಬಿಕೊಳ್ಳುವುದು ಬಹುಶಃ ಡೈನೊಫ್ಲಾಜೆಲೇಟ್. ಬಸವನಹುಳುಗಳು ಸಾಯುತ್ತಿದ್ದರೆ ಅನುಮಾನ ಇನ್ನೂ ಬಲ. ಇಲ್ಲಿ ನೈಟ್ರೇಟ್-ಫಾಸ್ಫೇಟ್ ಸೊನ್ನೆಗೆ ಇಳಿದಿರುವುದೇ ಹಲವು ಸಲ ತೊಂದರೆಯ ಮೂಲ, ಹಾಗಾಗಿ ಹಸಿರು ಕೂದಲಿನ ಮದ್ದು ಇಲ್ಲಿ ತಿರುಗುಬಾಣ. ಕಾಲೇಜು ಲ್ಯಾಬಿನ ಸಾಧಾರಣ ಮೈಕ್ರೋಸ್ಕೋಪಿನಡಿ ಒಂದು ಹನಿ ನೋಡಿ ಖಚಿತ ಮಾಡಿಕೊಂಡ ಮೇಲೆ ಮುಂದಿನ ಹೆಜ್ಜೆ.

ಬಂಡೆ ಉಜ್ಜುವ ಮುನ್ನ ಒಂದು ಎಚ್ಚರಿಕೆ. ಗುಂಡಿಯಂಥ ಸಣ್ಣ ಸಣ್ಣ ಪಾಲಿಪ್‌ಗಳು ಬೆಳೆದ ಬಂಡೆಯಾದರೆ ಬಿಸಿನೀರು ಸುರಿಯುವುದಾಗಲಿ ಕುದಿಸುವುದಾಗಲಿ ಬೇಡವೇ ಬೇಡ. ಪ್ಯಾಲಿಥೋವಾ, ಜೋವಾಂಥಿಡ್ ಜಾತಿಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ, ಅದು ಹಬೆಯಲ್ಲಿ ಮನೆಯವರೆಲ್ಲರ ಉಸಿರಿಗೆ ಸೇರುತ್ತದೆ. ಬಾಯಲ್ಲಿ ಲೋಹದ ರುಚಿ, ಮೈಕೈ ನೋವು, ಉಸಿರಾಟಕ್ಕೆ ಕಷ್ಟ ಕಂಡರೆ ಎಲ್ಲರೂ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ, ವಿಷದ ಹೆಸರು ಹೇಳಿ.

ಬಂಡೆಯ ಮಾತು ಬಂದದ್ದರಿಂದ: ನಮ್ಮ ಕಡಲಿನ ಗಟ್ಟಿ ಹವಳ, ಕಡಲಕುದುರೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಯಾರೋ ತಮಿಳುನಾಡಿನ ಕರಾವಳಿಯಿಂದ, ಲಕ್ಷದ್ವೀಪದಿಂದ ತಂದೆ ಎಂದು ಕೊಡುವ ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲಬಂಡೆ) ತೆಗೆದುಕೊಂಡರೆ ಪಾಚಿಯಲ್ಲ, ಕೇಸು ಮನೆಗೆ ಬರುತ್ತದೆ. ಒಣ ಸೆರಾಮಿಕ್ ಬಂಡೆ ನಿಧಾನವಾದರೂ ನಿಶ್ಚಿಂತೆ.

ಸ್ಕಿಮ್ಮರ್ ಉಕ್ಕುತ್ತಿದೆ, ಅಥವಾ ಏನನ್ನೂ ತೆಗೆಯುತ್ತಿಲ್ಲ

ಹೊಸ ಸ್ಕಿಮ್ಮರ್ ಮೊದಲ ಒಂದೆರಡು ವಾರ ತನ್ನಿಷ್ಟದಂತೆ ನಡೆದುಕೊಳ್ಳುತ್ತದೆ. ಅದಾದ ಮೇಲೂ ಹಾಗೆಯೇ ಇದ್ದರೆ ಸಂಪಿನ ನೀರಿನ ಮಟ್ಟ ಅಳೆಯಿರಿ. ತಯಾರಕರು ಹೇಳಿದ ಆಳಕ್ಕಿಂತ ಒಂದಿಂಚು ಹೆಚ್ಚಾದರೆ ಉಕ್ಕುತ್ತದೆ, ಕಡಿಮೆಯಾದರೆ ನೊರೆ ಕಪ್ಪಿನವರೆಗೆ ಏರುವುದೇ ಇಲ್ಲ. ಗಾಳಿ ಎಳೆಯುವ ಸಣ್ಣ ಪೈಪಿನ ತುದಿಯಲ್ಲಿ ಉಪ್ಪು ಕಟ್ಟಿರಬಹುದು, ಬಿಸಿನೀರಿನಲ್ಲಿ ಅದ್ದಿ. ಕೈಗೆ ಹಚ್ಚಿದ ಲೋಷನ್, ಮೀನಿನ ಆಹಾರಕ್ಕೆ ಬೆರೆಸಿದ ಎಣ್ಣೆ ನೊರೆಯನ್ನು ದಿಢೀರನೆ ಕೊಲ್ಲುತ್ತವೆ. ಟ್ಯಾಂಕಿನೊಳಕ್ಕೆ ಸೂಕ್ಷ್ಮ ಗುಳ್ಳೆಗಳು ಬರುತ್ತಿದ್ದರೆ ರಿಟರ್ನ್ ಪಂಪಿನ ವಿಭಾಗದಲ್ಲಿ ನೀರು ಕಡಿಮೆಯಾಗಿ ಪಂಪು ಗಾಳಿ ಎಳೆಯುತ್ತಿದೆ, ಟಾಪ್‌ಅಪ್ ಮಾಡಿ.

ನೆಲ ಒದ್ದೆಯಾಗಿದೆ

ಯಾವ ನೀರು ಎಂದು ಮೊದಲು ತಿಳಿಯಬೇಕು. ಒದ್ದೆಯ ಹನಿಯನ್ನು ಸ್ಟೀಲ್ ತಟ್ಟೆಯ ಮೇಲೆ ಹಾಕಿ ಫ್ಯಾನಿನಡಿ ಒಣಗಿಸಿ. ಬಿಳಿ ಹರಳು ಉಳಿದರೆ ಟ್ಯಾಂಕಿನ ನೀರು. ಏನೂ ಉಳಿಯದಿದ್ದರೆ ಟಾಪ್‌ಅಪ್ ಡ್ರಮ್ಮಿನದು, ಇಲ್ಲವೇ ಚಿಲ್ಲರ್ ಪೈಪಿನ ಮೇಲೆ ಬೆವರಿದ್ದು.

ಟ್ಯಾಂಕಿನ ನೀರೇ ಆದರೆ, ಕರೆಂಟು ಹೋದಾಗಲೇ ಒದ್ದೆಯಾಗುತ್ತದೆಯೇ ನೋಡಿ. ಪಂಪು ನಿಂತಾಗ ರಿಟರ್ನ್ ಪೈಪು ಹಿಮ್ಮುಖವಾಗಿ ನೀರೆಳೆದು ಸಂಪಿಗೆ ಸುರಿಯುತ್ತದೆ. ಐದಡಿ-ಎರಡಡಿ ಮೇಲ್ಮೈಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು ಒಂಬತ್ತು ಲೀಟರ್. ಪೈಪಿನ ಬಾಯಿ ನೀರಿನಿಂದ ಐದು ಸೆಂಟಿಮೀಟರ್ ಕೆಳಗಿದ್ದರೆ ನಲವತ್ತೈದು ಲೀಟರ್ ಸಂಪಿಗೆ ಇಳಿಯುತ್ತದೆ. ಅಷ್ಟು ಜಾಗ ಅಲ್ಲಿದೆಯೇ? ನೀವು ಎದುರಿಗೆ ನಿಂತಿರುವಾಗಲೇ ಪಂಪು ಆರಿಸಿ, ನೀರು ಏರಿ ನಿಂತ ಎತ್ತರದಿಂದ ಸಂಪಿನ ಅಂಚಿಗೆ ಎಷ್ಟು ಉಳಿದಿದೆ ನೋಡಿ. ತುಂಬಿ ಬರುವಂತಿದ್ದರೆ ಪೈಪಿನ ಬಾಯನ್ನು ಮೇಲಕ್ಕೆ ತನ್ನಿ, ಮೇಲ್ಮೈಗಿಂತ ಸ್ವಲ್ಪವೇ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯಿರಿ. ನೀರು ಅಲ್ಲಿಗಿಳಿದಾಗ ಗಾಳಿ ನುಗ್ಗಿ ಎಳೆತ ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟದಂತೆ ತಿಂಗಳಿಗೊಮ್ಮೆ ಟೂತ್‌ಪಿಕ್ ಹಾಕಿ. ಚೆಕ್ ವಾಲ್ವ್ ಒಂದನ್ನೇ ನೆಚ್ಚಬೇಡಿ, ಒಳಗೆ ಮರಳಿನ ಕಾಳು ಸಿಕ್ಕರೂ ಮುಚ್ಚಿಕೊಳ್ಳದು.

ಆಮೇಲೆ ಪೈಪಿನ ಜೋಡಣೆ, ಗಾಜಿನ ತೂತಿಗೆ ಪೈಪು ಕೂರಿಸುವ ಬಲ್ಕ್‌ಹೆಡ್‌ಗಳ ಸುತ್ತ ಟಿಶ್ಯೂ ಕಾಗದ ಒತ್ತಿ ಹಿಡಿಯಿರಿ. ಕೈಯಿಂದಷ್ಟೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಿದರೆ ಗಾಜು ಸೀಳಬಹುದು. ಕೊನೆಗೆ ಗಾಜಿನ ಸಂದು. ಸಿಲಿಕಾನಿನ ಉದ್ದಕ್ಕೂ ಉಪ್ಪಿನ ಗೆರೆ ಬೆಳೆಯುತ್ತಿದ್ದರೆ, ಒರೆಸಿದ ಮೇಲೂ ಅದೇ ಜಾಗದಲ್ಲಿ ಮರಳಿದರೆ, ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಹೊರಗಿನಿಂದ ಸಿಲಿಕಾನ್ ಬಳಿದರೆ ಒಳಗಿನ ಒತ್ತಡಕ್ಕೆ ನಿಲ್ಲುವುದಿಲ್ಲ. ಮೀನನ್ನು ಡ್ರಮ್ಮಿಗೆ ಹಾಕಿ, ನೀರನ್ನು ಸೋರುವ ಮಟ್ಟಕ್ಕಿಂತ ಕೆಳಗಿಳಿಸಿ, ಟ್ಯಾಂಕ್ ಕಟ್ಟಿಕೊಟ್ಟವರನ್ನು ಕರೆಯಿರಿ.

ನೀರಿನ ಮಟ್ಟ ಒಂದು ಕಡೆ ವಾಲಿದೆ

ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಮೊದಲ ದಿನದಿಂದಲೇ ಒಂದೆರಡು ಮಿಲಿಮೀಟರ್ ವಾಲಿದ್ದರೆ ನೆಲದ ಟೈಲ್ಸಿನ ಇಳಿಜಾರು. ದಿನೇದಿನೇ ಹೆಚ್ಚುತ್ತಿದ್ದರೆ ಸ್ಟ್ಯಾಂಡಿನ ಪ್ಲೈವುಡ್ ನೀರು ಕುಡಿದು ಉಬ್ಬುತ್ತಿದೆ, ಇಲ್ಲವೇ ಭಾರ ಹೆಚ್ಚಿದೆ. ನೀರು, ಗಾಜು, ಬಂಡೆ, ಮರಳು, ಸಂಪ್, ಕ್ಯಾಬಿನೆಟ್ ಎಲ್ಲ ಸೇರಿ ಈ ಅಳತೆಯದು 800 ಕೆಜಿ ಮೀರುತ್ತದೆ. ನಿಂತಿರುವ ಜಾಗ ಒಂದು ಚದರ ಮೀಟರಿಗಿಂತ ಕಡಿಮೆ. ಮನೆಗಳ ನೆಲವನ್ನು ಐಎಸ್ 875ರ ಪ್ರಕಾರ ಸಾಮಾನ್ಯವಾಗಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆಜಿ ಹೊರೆಗೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಹೊರೆ ಸುತ್ತಲಿನ ಸ್ಲ್ಯಾಬಿಗೆ ಹಂಚಿಹೋಗುವುದರಿಂದ ಇಟ್ಟ ತಕ್ಷಣ ಏನೂ ಆಗದು, ತೊಲೆಯಿರುವ ಗೋಡೆಗೆ ತಾಗಿಸಿಟ್ಟರಂತೂ ಧೈರ್ಯ ಹೆಚ್ಚು. ಆದರೆ ಇದು ಊಹೆಯಿಂದ ತೀರ್ಮಾನಿಸುವ ವಿಷಯವಲ್ಲ. ಹಳೆಯ ಕಟ್ಟಡವಾದರೆ, ಕೆಳಗಿನ ಮನೆಯವರ ಛಾವಣಿಯಲ್ಲಿ ಹೊಸ ಬಿರುಕು ಕಂಡರೆ, ಅವತ್ತೇ ಅರ್ಧ ನೀರು ಇಳಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಬರುವವರೆಗೆ ತುಂಬಬೇಡಿ.

ನೀರು ಮುಟ್ಟಿದರೆ ಜುಮ್ಮೆನ್ನುತ್ತದೆ, ಆರ್‌ಸಿಸಿಬಿ ಬೀಳುತ್ತದೆ

ಕೈ ತೆಗೆಯಿರಿ, ಮೇನ್ ಆಫ್ ಮಾಡಿ, ಎಲ್ಲ ಪ್ಲಗ್ಗೂ ಕಿತ್ತು ಒಣ ಬಟ್ಟೆಯಿಂದ ಒರೆಸಿ. ಈಗ ಒಂದೊಂದೇ ಹಾಕಿ. ಯಾವುದಕ್ಕೆ ಬೀಳುತ್ತದೋ ಅದೇ ಕಳ್ಳ. ಹೆಚ್ಚಾಗಿ ಸಿಗುವುದು ಬಿರುಕು ಬಿಟ್ಟ ಗಾಜಿನ ಹೀಟರ್: ನೀರು ಬದಲಿಸುವಾಗ ಆರಿಸದೆ ಬಿಟ್ಟರೆ ಅರ್ಧ ಹೊರಬಿದ್ದ ಗಾಜು ಕಾದು, ಮತ್ತೆ ನೀರು ತಾಗಿದಾಗ ಸೀಳುತ್ತದೆ. ಎರಡನೆಯದು ಎಕ್ಸ್‌ಟೆನ್ಶನ್ ಬೋರ್ಡಿನೊಳಗೆ ತೆವಳಿದ ಉಪ್ಪು. ಮಲ್ಟಿಮೀಟರ್ ಇದ್ದು ಅದನ್ನು ಬಳಸಿ ರೂಢಿಯಿದ್ದರೆ ಎಸಿ ವೋಲ್ಟಿನಲ್ಲಿ ನೀರಿಗೂ ಅರ್ಥಿಂಗಿಗೂ ನಡುವೆ ಅಳೆಯಿರಿ. ಪಂಪುಗಳ ಪ್ರಭಾವದಿಂದ ಸ್ವಲ್ಪ ವೋಲ್ಟೇಜ್ ತೋರುವುದು ಸಾಮಾನ್ಯ, ಆದರೆ ಒಂದು ಉಪಕರಣ ತೆಗೆದೊಡನೆ ಅಂಕಿ ಧಡಕ್ಕನೆ ಬಿದ್ದರೆ ಅದನ್ನು ಎಸೆಯಿರಿ. ಪದೇ ಪದೇ ಬೀಳುತ್ತದೆ ಎಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಕೊಡುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವರಿಗೆ ಕಾಫಿ ಕೊಟ್ಟು ಕಳಿಸಿ, ಬೇರೆಯವರನ್ನು ಕರೆಯಿರಿ.

ಪಿಎಚ್ 8ಕ್ಕೆ ಏರುವುದೇ ಇಲ್ಲ

ಆಲ್ಕಲಿನಿಟಿ ಸರಿಯಿದ್ದರೆ ಕೋಣೆಯ ಕಾರ್ಬನ್ ಡೈಆಕ್ಸೈಡ್ ಕಾರಣ. ಒಂದು ಲೋಟ ಟ್ಯಾಂಕ್ ನೀರನ್ನು ಬಾಲ್ಕನಿಯಲ್ಲಿಟ್ಟು ಒಂದು ಗಂಟೆ ಏರ್ ಪಂಪಿನಿಂದ ಗಾಳಿ ಊದಿ ಮತ್ತೆ ಅಳೆಯಿರಿ. ಏರಿದರೆ ಕಿಟಕಿ ತೆರೆಯಿರಿ, ಅಥವಾ ಸ್ಕಿಮ್ಮರಿನ ಗಾಳಿ ಪೈಪನ್ನು ಕಿಟಕಿಯಾಚೆ ಬಿಡಿ. 7.8ರಲ್ಲಿ ಸ್ಥಿರವಾಗಿರುವ ಟ್ಯಾಂಕಿಗೆ ಬಫರ್ ಸುರಿಯುವುದು ವ್ಯರ್ಥ.

ಮೀನಿನ ಮೈಮೇಲೆ ಬಿಳಿ ಚುಕ್ಕೆ

ಕೊನೆಗೂ ಕಾಯಿಲೆ. ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಉಪ್ಪಿನ ಹರಳು ಉದುರಿಸಿದಂತೆ, ಎಣಿಸಬಹುದಾದಷ್ಟು ದಪ್ಪ ಚುಕ್ಕೆಗಳಾದರೆ ಮರೀನ್ ಇಕ್, ಅಂದರೆ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಪರಾವಲಂಬಿ. ಎಣಿಸಲಾಗದಷ್ಟು ನುಣ್ಣನೆಯ, ಬಂಗಾರದ ಧೂಳಿನಂಥ ಲೇಪ, ಜೊತೆಗೆ ಏದುಸಿರು ಇದ್ದರೆ ವೆಲ್ವೆಟ್, ಅದು ಎರಡು ಮೂರು ದಿನದಲ್ಲೇ ಟ್ಯಾಂಕನ್ನು ಖಾಲಿ ಮಾಡಬಲ್ಲದು. ಕ್ಲೌನ್‌ಫಿಶ್ ಮೈಮೇಲೆ ಚುಕ್ಕೆಯಿಲ್ಲದೆ ಬಿಳಿ ಲೋಳೆ ಕಟ್ಟಿದರೆ ಬ್ರೂಕ್ಲಿನೆಲ್ಲಾ ಇರಬಹುದು.

ಇಕ್ ಚುಕ್ಕೆಗಳು ಕೆಲವು ದಿನದಲ್ಲಿ ತಾವಾಗಿ ಮಾಯವಾಗುತ್ತವೆ. ಇಲ್ಲೇ ಎಲ್ಲರೂ ಮೋಸಹೋಗುವುದು, ಮತ್ತು ಏನೂ ಮಾಡದ ಔಷಧಿಗಳಿಗೆ ಹೆಸರು ಬರುವುದು. ಪರಾವಲಂಬಿ ಮೀನಿನಿಂದ ಕಳಚಿ ಮರಳಿಗೆ ಬಿದ್ದು, ಕೋಶದೊಳಗೆ ನೂರಾರು ಮರಿಯಾಗಿ, ವಾರಗಳ ನಂತರ ಹಿಂದಿಗಿಂತ ದೊಡ್ಡ ದಂಡಾಗಿ ಮರಳುತ್ತದೆ. ಕೊಲ್ಲುವುದು ತಾಮ್ರ, ಆದರೆ ಮುಖ್ಯ ಟ್ಯಾಂಕಿನಲ್ಲಿ ಎಂದಿಗೂ ಅಲ್ಲ: ಸಿಗಡಿ, ಏಡಿ, ಬಸವನಹುಳು ಸಾಯುತ್ತವೆ, ಬಂಡೆ ಮತ್ತು ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ. ಮೀನುಗಳನ್ನೆಲ್ಲ, ಆರೋಗ್ಯವಾಗಿ ಕಾಣುವವನ್ನೂ ಸೇರಿಸಿ, ಬರಿಗಾಜಿನ ಕ್ವಾರಂಟೈನ್ ಟ್ಯಾಂಕಿಗೆ ಸಾಗಿಸಿ. ತಾಮ್ರದ ಔಷಧಿಯ ಬಗೆಗೆ ತಕ್ಕಂತೆ ಪ್ರಮಾಣ ಬೇರೆ. ಬಾಟಲಿ ಹೇಳಿದ್ದನ್ನು ತಾಮ್ರದ ಕಿಟ್ಟಿನಿಂದ ದಿನಾ ಅಳೆದು ಕಾಯ್ದುಕೊಳ್ಳಿ. ಮುಖ್ಯ ಟ್ಯಾಂಕ್ ಮೀನಿಲ್ಲದೆ ಖಾಲಿ ಓಡಬೇಕು. ಹವ್ಯಾಸಿಗಳು ಹೆಚ್ಚಾಗಿ ಪಾಲಿಸುವ ಲೆಕ್ಕ 76 ದಿನ. ಮೀನಿಲ್ಲದ ಟ್ಯಾಂಕನ್ನು ಮನೆಗೆ ಬಂದವರಿಗೆಲ್ಲ ವಿವರಿಸುವ ಕಷ್ಟವೂ ಅದರ ಜೊತೆಗೇ ಬರುತ್ತದೆ.

ವೆಲ್ವೆಟ್ ಎನಿಸಿದರೆ ಗಂಟೆಗಳ ಲೆಕ್ಕದಲ್ಲಿ ಯೋಚಿಸಿ. ಅಂಗಡಿಯವರ ಸಲಹೆ ಕೇಳುತ್ತ ಸಂಜೆ ಮಾಡಬೇಡಿ. ಸತ್ತ ಮೀನಿದ್ದರೆ ಫ್ರೀಜ್ ಮಾಡದೆ ಐಸ್ ಡಬ್ಬಿಯಲ್ಲಿಟ್ಟು, ಹತ್ತಿರವಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನಂಥ ಕಡೆ ಕಿವಿರು ಪರೀಕ್ಷೆ ಮಾಡುತ್ತಾರೆಯೇ ವಿಚಾರಿಸಿ. ಫಾರ್ಮಾಲಿನ್ ಬಳಸಿ ಎಂದು ಯಾರಾದರೂ ಹೇಳಿದರೆ, ಅದು ಕ್ಯಾನ್ಸರ್‌ಕಾರಕ ಎಂಬುದನ್ನು ಮರೆಯಬೇಡಿ. ತಿಳಿದವರು ಎದುರಿಗಿಲ್ಲದೆ, ಮುಚ್ಚಿದ ಕೋಣೆಯಲ್ಲಿ ಬೇಡ. ಕ್ವಾರಂಟೈನ್ ಟ್ಯಾಂಕಿನ ಬಲೆ, ಬಕೆಟ್, ಪೈಪುಗಳಿಗೆ ಕೆಂಪು ಟೇಪ್ ಸುತ್ತಿ ಬೇರೆಯೇ ಇಡಿ, ಮುಖ್ಯ ಟ್ಯಾಂಕಿನ ಕೆಲಸ ಮುಗಿಸಿದ ಮೇಲಷ್ಟೇ ಅವನ್ನು ಮುಟ್ಟಿ.